‘ರೀ’ ಹಚ್ಚಿ ಕರೆದವರು

ಕಳೆದ ತಿಂಗಳು ಕಾರ್ಕಳದಲ್ಲಿ ಅವರ ಉತ್ತರಕ್ರಿಯೆಯ ಊಟವಾದ ಮೇಲೆ ಹಳೆ ವಿದ್ಯಾರ್ಥಿಗಳು ಸೇರಿ ನುಡಿನಮನ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ನಗಿಸಿದರು. ತೀರಿಹೋದವರ ಫೋಟೋದ ಎದುರು ಅಷ್ಟೊಂದು ನಗುವನ್ನು ನಾನು ಬೇರೆಲ್ಲೂ ಕೇಳಿದ್ದಿಲ್ಲ. ಕೊನೆಗೆ ಮೈಕ್ ನನ್ನ ಕೈಗೆ ಬಂತು. “ಹೀ ವಾಸ್ ಎ ಗುಡ್ ಮ್ಯಾನ್. ಐ ಶಲ್ ಮಿಸ್ ಹಿಮ್” ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಮನಸ್ಸು ಕಲಕಿದರೆ ನನಗೆ ಇಂಗ್ಲಿಷೇ ಬಾಯಿಗೆ ಬರುವುದು. ಕಾನ್ವೆಂಟಿನ ಸಿಸ್ಟರ್‌ಗಳು ಹಾಕಿಕೊಟ್ಟ ಅಭ್ಯಾಸ, ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಟೀಚರಿಗೆ ದುಃಖವಾಗಿದೆ ಎಂದು ಎಲ್ಲರೂ ಅಂದುಕೊಂಡರು. ದುಃಖವೂ ಇತ್ತು. ಆದರೆ ನನ್ನನ್ನು ಕೂರಿಸಿದ್ದು ನಾಚಿಕೆ. ನಮಗೆ ಬೇಕಾದವರೊಬ್ಬರು ನಮ್ಮ ಕಣ್ಣೆದುರೇ ಸಣ್ಣವರಾದದ್ದನ್ನು ನೋಡಿದರೆ ಅವರ ನಾಚಿಕೆ ನಮ್ಮ ಮೈಗೆ ಹತ್ತಿಕೊಳ್ಳುತ್ತದೆ. ತೊಳೆದರೂ ಹೋಗುವುದಿಲ್ಲ.

ಅವರು ನಮ್ಮ ಹೆಡ್‌ಮಾಸ್ಟ್ರು. ಉಡುಪಿಗೂ ಮಣಿಪಾಲಕ್ಕೂ ನಡುವೆ, ಗುಡ್ಡದ ಇಳಿಜಾರಿನಲ್ಲಿ ನಮ್ಮ ಕನ್ನಡ ಮೀಡಿಯಂ ಹೈಸ್ಕೂಲು. ನಾನು ಶಂಕರಪುರದಿಂದ ಬಸ್ಸಿನಲ್ಲಿ ಬಂದು ಇಂಗ್ಲಿಷ್ ಪಾಠ ಮಾಡುತ್ತಿದ್ದವಳು. ತೊಂಬತ್ತರ ದಶಕದ ಕೊನೆಗೆ ಅವರು ಬಂದರು. ಬಂದ ದಿನ ಎಲ್ಲರ ಹಾಗೆ ಆಫೀಸಿನಲ್ಲಿ ಕೂರದೆ ಗೇಟಿನಲ್ಲಿ ನಿಂತರು. ಮನೆ ಮಾತು ತುಳು, ಸ್ವರ ಯಕ್ಷಗಾನದಲ್ಲಿ ಅಬ್ಬರಿಸುವ ಬಣ್ಣದ ವೇಷದವರ ಹಾಗೆ, ಹೊಟ್ಟೆ ಶರ್ಟಿನ ಗುಂಡಿಗಳ ಜೊತೆ ಸದಾ ಜಗಳದಲ್ಲಿ. ಹಳೆಯ ಸ್ಕೂಟರನ್ನು ಒಂದು ಬದಿಗೆ ಪೂರಾ ಮಲಗಿಸಿ, ಮೆಲ್ಲನೆ ಎತ್ತಿ, “ಏಳು ತಂಗಿ, ಶಾಲೆಗೆ ಹೊತ್ತಾಯ್ತು” ಎಂದು ಅದಕ್ಕೆ ಹೇಳಿಯೇ ಕಿಕ್ ಹೊಡೆಯುತ್ತಿದ್ದರು. ನಮ್ಮಲ್ಲಿ ಕ್ರಿಶ್ಚನ್ ಹೆಂಗಸರನ್ನು ಬಾಯಿ ಎಂದು ಕರೆಯುವುದು ವಾಡಿಕೆ. ಉಳಿದ ಸ್ಟಾಫಿಗೆ ನಾನು ಮೇಡಂ, ಅವರಿಗೆ ಮೊದಲ ದಿನದಿಂದಲೂ ಬಾಯಿ.

ಮಕ್ಕಳಿಗೆ ಅವರು ‘ಬಾ’, ‘ಹೋಗು’, ‘ಮಗಾ’, ‘ಮಾರಾಯ್ತಿ’ ಎನ್ನುವವರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮೈಕ್ ಹಿಡಿದು ಕೇಳುತ್ತಿದ್ದರು.

“ಖುಷಿ ಉಂಟಾ?”

“ಉಂಟು ಸರ್” ಎಂದು ಇಡೀ ಶಾಲೆ. ಆ ಸದ್ದಿಗೆ ಮಾಡಿನ ಪಾರಿವಾಳಗಳು ಹಾರಿಹೋಗುತ್ತಿದ್ದವು. ಆಮೇಲೆ ಸಾಲಿನಿಂದ ಯಾರಾದರೂ ಒಬ್ಬರನ್ನು ಮುಂದಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು ಅದನ್ನೇ ಕೇಳುವುದು. ಕರೆಸಿಕೊಂಡ ಮಗು ಆ ದಿನವಿಡೀ ಎತ್ತರವಾಗಿ ಓಡಾಡುತ್ತಿತ್ತು.

ನಾನು ಕಲಿತ ಕಾನ್ವೆಂಟಿನಲ್ಲಿ ಆರ್ ಯು ನೀಟ್, ಆರ್ ಯು ಪಂಕ್ಚುವಲ್ ಎಂದು ಕೇಳುತ್ತಿದ್ದರು. ಆರ್ ಯು ಹ್ಯಾಪಿ ಎಂದು ಯಾವ ಸಿಸ್ಟರೂ ಕೇಳಿದ್ದಿಲ್ಲ. ಕೇಳಿದ್ದರೆ ನಾವು ಹೆದರುತ್ತಿದ್ದೆವು. ಹಾಗಾಗಿ ಈ ಮನುಷ್ಯ ನನಗೆ ದೊಡ್ಡ ಸೋಜಿಗ. ಒಮ್ಮೆ ಕೇಳಿದೆ, ಈ ಅಭ್ಯಾಸ ಎಲ್ಲಿಂದ ಬಂತು ಎಂದು. ಅವರ ಮೊದಲಿನ ಶಾಲೆಯಲ್ಲಿ, ಕಾರ್ಕಳದ ಹತ್ತಿರ, ರಿಸಲ್ಟಿನ ದಿನ ಒಬ್ಬ ಹುಡುಗ ಮನೆಗೆ ಹೋಗಿರಲಿಲ್ಲವಂತೆ. ಊರಿನವರು ಬಾವಿಗಳಿಗೆ ಟಾರ್ಚ್ ಬಿಟ್ಟು ನೋಡಿದರಂತೆ. ಕೊನೆಗೆ ಅವನು ಪಡುಬಿದ್ರಿಯ ಕಡಲ ಬದಿಯಲ್ಲಿ ಮೀನಿಗೆ ಐಸು ಹಾಕುತ್ತಾ ಆರಾಮಾಗಿ ಸಿಕ್ಕಿದನಂತೆ. “ಅವನು ಸಿಕ್ಕುವವರೆಗೆ ನಾನು ಸತ್ತಿದ್ದೆ ಬಾಯಿ” ಎಂದರು. “ಮೇಷ್ಟ್ರಾಗಿ ಅಷ್ಟು ವರ್ಷ ಅವನಿಗೆ ಲೆಕ್ಕ ಕೇಳಿದ್ದೆ, ಹೋಮ್‌ವರ್ಕ್ ಕೇಳಿದ್ದೆ. ನಿನಗೆ ಹೇಗುಂಟು ಮಾರಾಯ ಅಂತ ಒಂದು ದಿನ ಕೇಳಿದವನಲ್ಲ.”

ಎಸ್ಸೆಸ್ಸೆಲ್ಸಿಯ ಮಕ್ಕಳಿಗೆ ಅವರು ಹೇಳುತ್ತಿದ್ದ ಮಾತನ್ನು ನುಡಿನಮನದಲ್ಲೂ ಯಾರೋ ನೆನಪಿಸಿದರು. “ಪಬ್ಲಿಕ್ ಪರೀಕ್ಷೆ ಅಂದ್ರೆ ಹುಲಿ ಅಲ್ಲ, ಹುಲಿವೇಷ. ಬಣ್ಣ ನೋಡಿ ಹೆದರ್ಲಿಕ್ಕೆ ಹೋಗ್ಬೇಡಿ. ಒಳಗಿರುದು ನಮ್ಮ ಪಕ್ಕದ್ಮನೆಯವನೇ.” ಫೇಲಾಗಿ ಅಳುತ್ತಾ ಬಂದವರಿಗೆ ಇನ್ನೊಂದು ಮಾತು: “ಫೇಲಾದವನಿಗೆ ಸೆಪ್ಟೆಂಬರ್ ಉಂಟು. ಅತ್ತು ಅತ್ತು ಜ್ವರ ಬಂದವನಿಗೆ ಎಂತ ಉಂಟು, ಗಂಜಿ.” ಅವರ ಶಾಲೆಯ ಮಕ್ಕಳು ನಿಜವಾಗಿ ನಗುತ್ತಿದ್ದರು. ಇದನ್ನು ನಾನು ಒತ್ತಿ ಹೇಳಬೇಕು, ಮುಂದಿನದನ್ನು ಓದಿದ ಮೇಲೆ ಯಾರೂ ಅದೆಲ್ಲ ನಾಟಕ ಎಂದುಕೊಳ್ಳಬಾರದು.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಮಣಿಪಾಲದಲ್ಲಿ ಎಲ್ಲಿ ನೋಡಿದರೂ ಹಾಸ್ಟೆಲ್ ಕಟ್ಟಡಗಳು ಏಳುತ್ತಿದ್ದವು. ಕಟ್ಟುವವರು ಬಾಗಲಕೋಟೆ, ಗದಗದ ಕಡೆಯಿಂದ ಬಂದವರು. ಒಂದು ಜೂನಿನಲ್ಲಿ ಒಬ್ಬ ಗಾರೆಯವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತ. ಹಿಂದೆ ಒಬ್ಬಳು ಹುಡುಗಿ, ಹದಿಮೂರರವಳು.

“ನಮಸ್ಕಾರ್ರೀ ಸರ. ಹುಡುಗೀನ ಎಂಟನೇ ಕ್ಲಾಸಿಗೆ ಹಚ್ಚಬೇಕಾಗೇತ್ರಿ.”

ಹೆಡ್‌ಮಾಸ್ಟ್ರಿಗೆ ಆ ಮಾತು ಕೇಳಿ ಎಲ್ಲಿಲ್ಲದ ಸಂತೋಷ. “ಕೇಳಿದ್ರಾ ಬಾಯಿ? ಒಂದೊಂದು ಶಬ್ದಕ್ಕೂ ಒಂದೊಂದು ‘ರೀ’. ಕಿವಿಗೆ ಬೆಲ್ಲ ಹಾಕಿದ ಹಾಗೆ. ನಮ್ಮದುಂಟಲ್ಲ, ಇಸ್ತ್ರಿ ಹಾಕಿದ ಪುಸ್ತಕದ ಕನ್ನಡ.” ಹುಡುಗಿಯ ಹೆಸರು ರೇಣುಕಾ ಎಂದಿಟ್ಟುಕೊಳ್ಳಿ. ಮರುದಿನ ಗೇಟಿನಲ್ಲಿ ಅವಳನ್ನು ಕಂಡಾಗ ಅವರು ಅವಳ ಧಾಟಿಯಲ್ಲೇ “ಬರ್ರೀ, ಬರ್ರೀ, ನಾಷ್ಟಾ ಆತೇನ್ರೀ?” ಎಂದರು. ರಾಗ ತಪ್ಪಿತ್ತು, ಪ್ರೀತಿ ಸುಳ್ಳಾಗಿರಲಿಲ್ಲ. ಸುತ್ತಲಿನ ಮಕ್ಕಳು ನಕ್ಕರು. ಹುಡುಗಿಯೂ ತುಟಿ ಅಗಲಿಸಿದಳು. ಅಂದಿನಿಂದ ಅವಳಿಗೊಬ್ಬಳಿಗೆ ‘ಬರ್ರೀ’ ಎನ್ನುವುದು ದಿನದ ತಮಾಷೆಯಾಯಿತು.

ಆ ವರ್ಷ ಮಣಿಪಾಲದಿಂದ ಒಬ್ಬಳು ಲೇಡಿ ಡಾಕ್ಟರ್ ಬಂದಳು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಸ್ಟ್ರೆಸ್ ಎಷ್ಟು, ಸಂತೋಷ ಎಷ್ಟು ಎಂದು ಪ್ರಶ್ನೆಪತ್ರಿಕೆ ಕೊಟ್ಟು ಬರೆಸುತ್ತಾಳಂತೆ. ಎಂಟನೇ ಕ್ಲಾಸಿನಲ್ಲಿ ಹಂಚಿದ ತಕ್ಷಣ ಮೊದಲ ಬೆಂಚಿನವಳು ಕೈಯೆತ್ತಿದಳು. “ಮಿಸ್, ಇದು ಎಷ್ಟು ಮಾರ್ಕಿಗೆ?” ಮಾರ್ಕಿಲ್ಲ, ಸರಿ ಉತ್ತರ ತಪ್ಪು ಉತ್ತರ ಅಂತ ಇಲ್ಲ, ಮನಸ್ಸಿನಲ್ಲಿದ್ದದ್ದನ್ನು ಬರೆಯಿರಿ ಎಂದಳು ಡಾಕ್ಟರ್. ಮಕ್ಕಳು ಅದನ್ನು ನಂಬಲಿಲ್ಲ. ಫಸ್ಟ್ ರ‍್ಯಾಂಕಿನವಳು ಎಲ್ಲಿ ಟಿಕ್ ಹಾಕಿದಳೋ ಅಲ್ಲೇ ಉಳಿದವರೂ ಹಾಕಿದರು. ಇಡೀ ಬೆಂಚಿಗೆ ಒಂದೇ ಖುಷಿ. ಸೂಪರ್‌ವಿಷನ್ನಿಗೆ ನಿಂತಿದ್ದ ನಾನು ಹೇಳಿದಾಗ ಹೆಡ್‌ಮಾಸ್ಟ್ರು ಹೊಟ್ಟೆ ಹಿಡಿದು ನಕ್ಕರು. “ಕಾಪಿ ಹೊಡ್ದಾದ್ರೂ ಖುಷಿ ಇರ್ಲಿ ಬಿಡಿ.”

ಡಾಕ್ಟರಮ್ಮ ಕೆಲಸ ಮುಗಿಸಿ ಥ್ಯಾಂಕ್ಸ್ ಹೇಳಲು ಬಂದ ಬೆಳಿಗ್ಗೆ ಅವರು ಅವಳನ್ನು ಅಸೆಂಬ್ಲಿಯ ಜಗಲಿಗೆ ಕರೆದು ನಿಲ್ಲಿಸಿದರು. ಖುಷಿ ಉಂಟಾ, ಉಂಟು ಸರ್, ಪಾರಿವಾಳ, ಎಲ್ಲ ಆಯಿತು. ಡಾಕ್ಟರಮ್ಮನ ಮುಖ ಅರಳಿತು. ಹೆಡ್‌ಮಾಸ್ಟ್ರ ಉತ್ಸಾಹ ಏರಿತು. ಒಬ್ಬರನ್ನು ಕರೆಯಬೇಕಲ್ಲ. ಸಾಲಿನ ಕೊನೆಯಲ್ಲಿದ್ದವಳತ್ತ ಕೈ ಮಾಡಿದರು.

“ಬರ್ರೀ ಮೇಡಂ, ಮುಂದಕ್ಕೆ ಬರ್ರೀ.”

ಆಗಲೇ ಕಿಸಿಕಿಸಿ ಶುರುವಾಗಿತ್ತು. ರೇಣುಕಾ ಬಂದು ನಿಂತಳು. ಅವರು ಹೆಗಲ ಮೇಲೆ ಕೈಯಿಟ್ಟರು. “ಖುಷಿ ಉಂಟಾ?”

ಅವಳು ಸ್ವಲ್ಪ ಯೋಚಿಸಿದಳು. ಆ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಪ್ರಶ್ನೆಯೆಂದು ತಿಳಿದವಳು ಅವಳೊಬ್ಬಳೇ ಇರಬೇಕು.

“ಇಲ್ರೀ ಸರ.”

ಮೈಕ್ ಅವಳ ಬಾಯಿಯ ಹತ್ತಿರವೇ ಇತ್ತು. ಮೈಕನ್ನು ತಮ್ಮ ಕಡೆಗೆ ತಿರುಗಿಸಿದ ಹೆಡ್‌ಮಾಸ್ಟ್ರ ಬಾಯಿಂದ, ಅಭ್ಯಾಸದ ಬಲದಿಂದ, ಅವಳದೇ ರಾಗ ಉದ್ದವಾಗಿ ಹೊರಟಿತು. “ಇಲ್ರೀಈಈ?”

ಶಾಲೆ ಬಿದ್ದು ಬಿದ್ದು ನಕ್ಕಿತು. ಲೌಡ್‌ಸ್ಪೀಕರ್ ರಸ್ತೆಯವರೆಗೂ ಕೇಳುತ್ತಿತ್ತು, ರಿಕ್ಷಾದವರೂ ತಿರುಗಿ ನೋಡಿದರು. ಹುಡುಗಿ ತಾನಾಗಿ ತಿರುಗಿ ಸಾಲಿನ ಕೊನೆಗೆ ಹೋಗಿ ನಿಂತಳು. ನಾನು ಅವರ ಮುಖ ನೋಡುತ್ತಿದ್ದೆ. ನಗು ತುಟಿಯ ಮೇಲೆ ಇನ್ನೂ ಇತ್ತು, ಕಣ್ಣು ಅದರ ಜೊತೆಯಲ್ಲಿರಲಿಲ್ಲ. ಜಾತ್ರೆಯಲ್ಲಿ ಕೈಯಲ್ಲಿದ್ದ ಮಗು ತಪ್ಪಿಸಿಕೊಂಡವರ ಕಣ್ಣಿನ ಹಾಗೆ ಅದು ಸಾಲುಗಳಲ್ಲಿ ಹುಡುಕುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟುಕೊಂಡು ಅವರು ತಿನ್ನದೆ ಕುಳಿತಿದ್ದರು. “ಬಾಯಿ, ಇಷ್ಟು ವರ್ಷ ಕೇಳಿದ್ದೇನೆ ಅಲ್ವಾ. ಇಲ್ಲ ಅಂತ ಹೇಳಿದ್ರೆ ಆಮೇಲೆ ಎಂತ ಕೇಳ್ಬೇಕು ಅಂತ ನನಗೆ ಗೊತ್ತೇ ಇಲ್ಲ ಮಾರಾಯ್ರೆ.”

ಮರುದಿನದಿಂದ ರೇಣುಕಾ ಬರಲಿಲ್ಲ. ಆ ವಾರ ಕಳೆದ ಮೇಲೆ ಅವರು ಎಂಟನೇ ಕ್ಲಾಸಿಗೆ ಹೋಗಿ ಅವಳ ಬೆಂಚಿನವರನ್ನು ವಿಚಾರಿಸಿದರು. ನಾನು ಬೋರ್ಡಿನ ಹತ್ತಿರ ಚಾಕ್ ಹಿಡಿದು ನಿಂತಿದ್ದೆ.

“ಅವಳನ್ನು ಯಾರಾದ್ರೂ ತಮಾಷೆ ಮಾಡ್ತಿದ್ರಾ?”

“ಮಾಡ್ಲಿಲ್ಲ ಸರ್. ಬರ್ರೀ ಅಂತ ಕರೀತಿದ್ದದ್ದು ಅಷ್ಟೆ.”

“ಯಾರು?”

“ಎಲ್ರೂ. ಊಟಕ್ಕೆ ಕೂತ್ರೆ ‘ಉಣ್ರೀ’, ನೀರಿನ ಹತ್ರ ಹೋದ್ರೆ ‘ಕುಡೀರೀ’.” ಉತ್ತರ ಹೇಳುತ್ತಿದ್ದ ಹುಡುಗಿ ಕಪಟವಿಲ್ಲದ ಮುಖದಿಂದ ಅವರನ್ನು ನೋಡಿದಳು. “ನೀವು ಕರೀತೀರಲ್ಲ ಸರ್, ಪ್ರೀತಿಯಲ್ಲಿ. ಹಾಗೇ ನಾವೂ.”

ಅವರು ಎರಡು ಸಲ ತಲೆಯಾಡಿಸಿದರು. ಗುಂಡಿ ಸರಿಮಾಡಿಕೊಂಡರು. “ಸರಿ, ಕೂತ್ಕೊ ಮಗಾ” ಎಂದು ಹೊರಗೆ ಹೋದರು. ಆ ಬೆನ್ನನ್ನು ನೋಡುವುದು ನನಗೆ ಬೇಡವಾಗಿತ್ತು. ಐ ಲುಕ್ಡ್ ಅಟ್ ದ ಬೋರ್ಡ್.

ಸಂಜೆ ಅವಳ ಮನೆಗೆ ಹೋಗಲು ನನ್ನನ್ನೂ ಕರೆದರು. “ಹೆಣ್ಣುಮಗು ಇರುವಲ್ಲಿಗೆ ಒಬ್ಬನೇ ಹೋಗುದು ಸರಿಯಲ್ಲ. ಕ್ಷಮೆ ಕೇಳಿ ಕರ್ಕೊಂಡು ಬರುವ ಬಾಯಿ. ಇಲ್ಲದಿದ್ರೆ ಆ ಹುಡುಗಿಯ ಶಾಲೆ ಇಲ್ಲಿಗೇ ಮುಗೀತದೆ.” ಅದು ನಿಜ. ಕೆಲಸದವರ ಹೆಣ್ಣುಮಕ್ಕಳು ಒಮ್ಮೆ ಬಿಟ್ಟರೆ ತಮ್ಮಂದಿರನ್ನು ಎತ್ತಿಕೊಂಡು ಅಲ್ಲೇ ಉಳಿಯುತ್ತಿದ್ದರು. ನಾನು ಸೀರೆ ಬಿಗಿಹಿಡಿದು, ಏಸುವನ್ನು ನೆನೆದು ಸ್ಕೂಟರಿನ ಹಿಂದೆ ಕುಳಿತೆ.

ಅರ್ಧ ಎದ್ದ ಕಟ್ಟಡದ ಹಿಂದೆ ತಗಡಿನ ಶೆಡ್‌ಗಳ ಸಾಲು. ರೇಣುಕಾಳ ತಾಯಿ ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ಕಂಡು ಗಡಬಡಿಸಿ ಎದ್ದು ಸೆರಗು ಹೊದ್ದಳು.

“ಬರ್ರಿ ಸರ, ಬರ್ರಿ ಅಕ್ಕಾರ. ಕುಂದರ್ರಿ.”

ಅದೇ ಶಬ್ದ. ತನ್ನ ಮನೆಯ ಬಾಗಿಲಲ್ಲಿ ಅದು ಹೇಗೆ ಕೇಳುತ್ತದೆಂದು ನಮ್ಮಿಬ್ಬರಿಗೂ ಅಂದೇ ಗೊತ್ತಾದದ್ದು. ಒಗೆದ ಸಿಮೆಂಟಿನ ಚೀಲ ಹಾಸಿ ಕೂರಿಸಿದಳು. ರೇಣುಕಾ ಒಳಗಿನಿಂದ ಬಂದು ತಾಯಿಯ ಹಿಂದೆ ನಿಂತಳು.

“ಹೊಟ್ಟಿ ನೋವಂತ್ರೀ ಸರ, ಏನ್ ಮಾಡಿದ್ರೂ ಕಡಿಮಿ ಆಗವಲ್ದು. ಪರೀಕ್ಷಾ ಬಂದಾವಲ್ರೀ, ಹೆದರ್ಯಾಳ ಅನಸ್ತದ. ಇಲ್ಲಾಂದ್ರ ಅಕಿಗೆ ನಿಮ್ಮ ಸಾಲಿ ಅಂದ್ರ ಜೀವ. ದಿನಾ ನಿಮ್ಮದ ಮಾತು.”

“ನನ್ನದಾ?”

“ಹೂಂನ್ರೀ. ಉಳಿದ ಹುಡುಗ್ರಿಗೆಲ್ಲಾ ಹೆಡ್‌ಮಾಸ್ತರು ಬಾ, ಹೋಗು ಅಂತಾರಂತ. ಅಕಿಗೊಬ್ಬಾಕಿಗೆ ‘ರೀ’ ಹಚ್ಚಿ ಕರೀತಾರಂತ.” ತಾಯಿಯ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. “ನಾ ಅಕಿ ಅಪ್ಪಗ ಅಂದೆ, ನೋಡು, ಈ ಊರಾಗ ನಮಗ ಯಾರರ ‘ರೀ’ ಅಂದಾರೇನು? ಮೇಸ್ತ್ರಿ ಅನ್ನಂಗಿಲ್ಲ, ಅಂಗಡಿಯಾವ ಅನ್ನಂಗಿಲ್ಲ. ನಮ್ಮ ರೇಣವ್ವಗ ಅಂತಾರ, ಅದೂ ಹೆಡ್‌ಮಾಸ್ತರು.”

ಹೆಡ್‌ಮಾಸ್ಟ್ರು ನೆಲ ನೋಡಿದರು. ನಾನು ಒಲೆ ನೋಡಿದೆ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಅಂಥ ಹೊತ್ತಿನಲ್ಲಿ ಅದು ಬಿಡುವುದಿಲ್ಲ. ರೊಟ್ಟಿ ಉಬ್ಬಿತು, ತಾಯಿ ಅದನ್ನು ಮಗುಚಿದಳು.

“ಅಮ್ಮ” ಎಂದರು ಅವರು ಕೊನೆಗೆ. “ಆ ‘ರೀ’ ಉಂಟಲ್ಲ, ಅದು ನಾನು…”

ತಾಯಿಯ ಬೆನ್ನ ಹಿಂದಿನಿಂದ ರೇಣುಕಾ ತಲೆ ಅಲ್ಲಾಡಿಸಿದಳು. ತುಸುವೇ. ಬೇಡ ಎಂದು.

ಅವರು ಅವಳನ್ನೇ ನೋಡಿದರು. “ಹೌದಮ್ಮ” ಎಂದರು. “ಕರೀತೇನೆ.”

“ನಾಳಿ ಬರ್ತೇನ್ರೀ ಸರ” ಎಂದಳು ಹುಡುಗಿ ಗಡಿಬಿಡಿಯಲ್ಲಿ. “ಹೊಟ್ಟಿ ಕಡಿಮಿ ಆಗೇತಿ.”

ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು ಆ ತಾಯಿ. ಅವರು ಒಂದು ಚೂರೂ ಬಿಡದೆ ತಿಂದರು. ಹೊರಗೆ ಬಂದು ಸ್ಕೂಟರನ್ನು ಸ್ಟಾರ್ಟ್ ಮಾಡಲಿಲ್ಲ, ರಸ್ತೆಯವರೆಗೂ ತಳ್ಳಿಕೊಂಡೇ ಬಂದರು.

“ನಾನು ಮಾಡಿದ ಅವಮಾನವನ್ನು ಆ ಹುಡುಗಿ ಮನೆಗೆ ತಕೊಂಡೋಗಿ ಮರ್ಯಾದೆ ಮಾಡಿ ಇಟ್ಟಿದ್ದಾಳೆ ಬಾಯಿ. ಅಮ್ಮನಿಗೆ ಬೇಜಾರಾಗ್ಬಾರ್ದು ಅಂತ. ಕ್ಷಮೆ ಕೇಳ್ಲಿಕ್ಕೂ ನನಗೀಗ ದಾರಿ ಇಲ್ಲ.” ಸ್ವಲ್ಪ ದೂರ ಹೋಗಿ ಮತ್ತೆ, “ಅವಳು ಹೇಳಿದ ಸುಳ್ಳು ನಿಜ ಮಾಡುದೊಂದೇ ಉಳಿದದ್ದು” ಎಂದರು.

ಮರುದಿನ ರೇಣುಕಾ ಬಂದಳು. ಅಸೆಂಬ್ಲಿಯಲ್ಲಿ ಅವರು ಖುಷಿಯ ವಿಷಯ ಎತ್ತಲಿಲ್ಲ. “ಇವತ್ತಿಂದ ನಾನು ಯಾರನ್ನೂ ಬಾ, ಹೋಗು ಅಂತ ಕರಿಯುದಿಲ್ಲ. ನೀವು ಯಾರೂ ಯಾರ ಮಾತನ್ನೂ ಅಣಕಿಸ್ಲಿಕ್ಕೆ ಇಲ್ಲ” ಎಂದು ಹೇಳಿ ಮೈಕ್ ಇಟ್ಟರು. ಅಂದಿನಿಂದ ನಿವೃತ್ತಿಯಾಗುವವರೆಗೂ ಎಂಟನೇ ಕ್ಲಾಸಿನ ಚಿಳ್ಳೆಗೂ ಬಹುವಚನ. ಬನ್ನಿ, ಕುಳಿತುಕೊಳ್ಳಿ, ಪುಸ್ತಕ ತೆಗೆಯಿರಿ. ಮೊದಮೊದಲು ಹೊಸ ತಮಾಷೆ ಎಂದು ಮಕ್ಕಳು ಕಾದರು. ನಗುವ ಜಾಗ ಬರಲಿಲ್ಲ.

ನಮ್ಮ ಕಡೆ ಮನೆಗಳಲ್ಲಿ ಒಂದು ಕ್ರಮವುಂಟು. ಅಮ್ಮನಿಗೆ ಮಕ್ಕಳ ಮೇಲೆ ಸಿಟ್ಟು ನೆತ್ತಿಗೇರಿದರೆ ಬಹುವಚನ ಶುರು: “ಬನ್ನಿ, ಈಗ ಬಂದ್ರಾ ದೊಡ್ಡ ಜನ.” ಹಾಗಾಗಿ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆ ಕಣ್ಣೀರು ಹಾಕಿದ. “ಮೇಡಂ, ಸರ್ ನನಗೆ ‘ಬನ್ನಿ’ ಅಂದ್ರು. ನಾನು ಎಂತ ತಪ್ಪು ಮಾಡಿದ್ದೇನೆ?” ಅವರಿಗೆ ಹೇಳಿದೆ. ಇಟ್ ಇಸ್ ಟೂ ಮಚ್ ಸರ್, ಮಕ್ಕಳು ಹೆದರುತ್ತಿದ್ದಾರೆ ಎಂದೆ. “ನನ್ನ ನಾಲಿಗೆಯನ್ನು ನಾನೇ ನಂಬುದಿಲ್ಲ ಬಾಯಿ” ಎಂದರು.

ರೇಣುಕಾಳ ಸಂಗತಿ ಬೇರೆಯೇ ಆಯಿತು. ಎಲ್ಲರಿಗೂ ಬಹುವಚನ ಬಂದ ಮೇಲೆ ಅವಳ ‘ರೀ’ಗೆ ಬೆಲೆ ಇಲ್ಲದೆ ಹೋಗಿ, ಅಣಕ ತಾನಾಗಿ ಸತ್ತಿತು. ಆ ವಯಸ್ಸು ಎಷ್ಟು ಬೇಗ ಗಾಯಗೊಳ್ಳುತ್ತದೋ ಅಷ್ಟೇ ಬೇಗ ಚಿಗುರುತ್ತದೆ. ಒಂಬತ್ತನೇ ಕ್ಲಾಸಿಗೆ ಬರುವಾಗ ಅವಳು ತುಳು ಕಲಿತು, ಅದಕ್ಕೂ ತನ್ನ ಊರಿನ ರಾಗ ಹಾಕಿ, ಗೆಳತಿಯರ ಕೈ ಹಿಡಿದು ಮಳೆಯ ಜಗಲಿಯಲ್ಲಿ ಓಡುತ್ತಿದ್ದಳು. ಅವಳೇನೋ ಮರೆತಳು, ಅಥವಾ ಕ್ಷಮಿಸಿದಳು, ಮಕ್ಕಳಲ್ಲಿ ಎರಡೂ ಒಂದೇ. ಅದನ್ನು ನೋಡಬೇಕಾಗಿದ್ದವರು ಮಾತ್ರ ನೋಡಲಿಲ್ಲ. ಅವಳು ನಗುತ್ತಾ ಎದುರಾದರೆ ಅವರ ಮುಖ ಬಾಗಿಲು ಹಾಕಿದ ಹಾಗಾಗುತ್ತಿತ್ತು. “ಹೋಗಿ, ಕ್ಲಾಸಿಗೆ ಹೋಗಿ” ಎಂದು ಬೇರೆ ಕಡೆ ತಿರುಗುತ್ತಿದ್ದರು.

ಆ ಡಿಸೆಂಬರಿನಲ್ಲಿ ಹಾಸ್ಟೆಲ್ ಕೆಲಸ ಮುಗಿಯಿತು. ಪಡುಬಿದ್ರಿ ಕಡೆ ದೊಡ್ಡ ಕೆಲಸ ಸಿಕ್ಕಿದೆ, ಅಲ್ಲೇ ಶಾಲೆಗೆ ಹಾಕುತ್ತೇವೆ ಎಂದು ತಾಯಿ ಮಗಳು ಟಿ.ಸಿ. ತೆಗೆದುಕೊಂಡು ಹೋಗಲು ಬಂದರು. ನಾನು ಸ್ಟಾಫ್ ರೂಮಿನ ಕಿಟಕಿಯ ಬಳಿ ಪೇಪರ್ ತಿದ್ದುತ್ತಿದ್ದೆ. ಜಗಲಿ ಅಲ್ಲೇ, ಮಾತೆಲ್ಲ ಕೇಳುತ್ತದೆ.

“ಚೆನ್ನಾಗಿ ಓದಿ ರೇಣುಕಾ” ಎಂದರು ಅವರು. “ಹೋಗಿ ಬನ್ನಿ.”

ಹುಡುಗಿ ಹೋಗಲಿಲ್ಲ. “ಸರ, ಒಂದ್ ಕೇಳ್ಲೇನ್ರಿ?”

“ಕೇಳಿ.”

“ನನಗ ಒಮ್ಮೆ ‘ಹೋಗಿ ಬಾ’ ಅನ್ರಿ. ಮೊದಲ ಎಲ್ಲಾರಿಗೂ ಹಂಗ ಅಂತಿದ್ರಲ್ರೀ, ಮಗಾ ಅಂತ. ನನಗೊಬ್ಬಾಕಿಗೆ ಯಾವತ್ತೂ ಅಂದಿಲ್ಲ.”

ನನ್ನ ಪೆನ್ನು ನಿಂತಿತು.

“ಹುಚ್ಚಿ” ಎಂದಳು ತಾಯಿ, ನಗುತ್ತಾ. “ದೊಡ್ಡಾವ್ರು ‘ರೀ’ ಅಂದ್ರ ಬ್ಯಾಡ ಅಂತಾಳ ನೋಡ್ರಿ ಸರ.”

ಎಷ್ಟು ಸಣ್ಣ ಶಬ್ದ ಅದು. ದಿನಕ್ಕೆ ಸಾವಿರ ಸಲ ಆಡಿ ಹಗುರಾದ ಶಬ್ದ. ಅವರ ತುಟಿ ತೆರೆಯಿತು. ಕಿಟಕಿಯ ಸರಳಿನ ನಡುವಿನಿಂದ ನನಗೆ ಕಾಣುತ್ತಿತ್ತು. ಹೇಳಿ ಸರ್ ಎಂದು ನಾನು ಒಳಗೇ ಬೇಡಿದೆ. ಸೇ ಇಟ್, ಫಾರ್ ಗಾಡ್ಸ್ ಸೇಕ್. ಹುಡುಗಿ ಮುಖ ಮೇಲೆತ್ತಿ ಕಾಯುತ್ತಿದ್ದಳು.

“ಹೋಗಿ” ಎಂದರು ಅವರು. ಆಮೇಲೆ ಬಹಳ ಹೊತ್ತಿನ ನಂತರ, “ಬನ್ನಿ.”

“ಆತ್ರೀ ಸರ” ಎಂದಳು ರೇಣುಕಾ. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಆಗದ ಕೆಲಸ ಹೇಳಿಬಿಟ್ಟೆನಲ್ಲ ಎಂಬ ಸಂಕೋಚವಿತ್ತು. ತಾಯಿಯ ಕೈಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು.

ಇಬ್ಬರೂ ಗೇಟು ದಾಟಿದರು. ಬಸ್ಸು ಬಂತು, ನಿಂತಿತು, ಹೊರಟಿತು. ಅವರು ಜಗಲಿಯ ಕಂಬಕ್ಕೆ ಕೈಕೊಟ್ಟು ನಿಂತೇ ಇದ್ದರು. ಬಸ್ಸಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ, ಆ ದೊಡ್ಡ ಸ್ವರದ ಮನುಷ್ಯ, ತಮ್ಮ ಕಿವಿಗಷ್ಟೇ ಕೇಳುವ ಹಾಗೆ ಹೇಳಿದರು.

“ಹೋಗಿ ಬಾ ಮಗಾ.”

ನಾನು ಸದ್ದಾಗದಂತೆ ಕುರ್ಚಿ ಬಿಟ್ಟೆದ್ದು ಕಿಟಕಿಯಿಂದ ದೂರ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡೆ. ಯಾರೂ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡೇ ಅವರು ಒಳಗೆ ಬರಲಿ ಎಂದು.